ನನ್ನ ಸೊಂಟದ ಮಜ್ಜೆ, ಅವ್ವನ ತಾಯತ

ಬೆಂಗಳೂರಿನ ಡಾಕ್ಟರು ನನ್ನ ಸೊಂಟದ ಮೂಳೆಯಿಂದ ಎರಡು ಬಿಂದಿಗೆ ಮಜ್ಜೆ ತೆಗೆದರು. ಅದೇ ಸಂಜೆ ನಾನು ಸೈಕಲ್ ತುಳಿದುಕೊಂಡು ಮೊಳಕಾಲ್ಮೂರಿಗೆ ಬಂದೆ. ಬೆಳಗಾಗುವಷ್ಟರಲ್ಲಿ ಮೂರು ರೇಷ್ಮೆ ಸೀರೆ ನೇಯ್ದಿದ್ದೆ.

ನಾನು ನೇಕಾರ ಜಂಪಣ್ಣ. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ಹೀಗೆ ಹೇಳಿದಾಗ ಸಿದ್ದಕ್ಕ, "ಬಿಂದಿಗೆ ತೂತು ಬಿದ್ದಿತ್ತೇನೋ?" ಎಂದು ನಕ್ಕಳು. ನಗಲಿ. ನಾನು ಕಥೆ ಮುಂದುವರಿಸಿದೆ.

ನನ್ನ ತಮ್ಮ ಮಾರುತೇಶ ನನಗಿಂತ ಒಳ್ಳೆಯ ನೇಕಾರ. ಅವನು ಸೆರಗಿನಲ್ಲಿ ನೇಯ್ದ ನವಿಲಿಗೆ ಜನ ಕಾಳು ಹಾಕಲು ಬರುತ್ತಿದ್ದರು. ಅಂಥವನಿಗೆ ಎರಡು ಸಾವಿರದ ನಾಲ್ಕರಲ್ಲಿ ಜ್ವರ ಹಿಡಿದದ್ದು ಬಿಡಲಿಲ್ಲ. ವಸಡಿನಲ್ಲಿ ರಕ್ತ ಬಂತು. ಚಳ್ಳಕೆರೆಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ರಕ್ತದ ಕ್ಯಾನ್ಸರ್ ಎಂದರು. ಔಷಧಿಗೆ ರೋಗ ತಗ್ಗಿತು.

"ಇದು ಮತ್ತೆ ತಲೆ ಎತ್ತುವುದರೊಳಗೆ ಇವನಿಗೆ ಹೊಂದುವವರ ಮಜ್ಜೆ ಹಾಕಬೇಕು, ಹೊಸ ರಕ್ತ ಹುಟ್ಟಿಸುವುದು ಅದೇ" ಎಂದರು ಅಲ್ಲಿನ ಡಾಕ್ಟರು. ಪರೀಕ್ಷೆ ಮಾಡಿದರು. ನನ್ನದು ಹೊಂದಿತು.

ನಮ್ಮವ್ವ ಬೋರಕ್ಕ ಬೆಚ್ಚಿಬಿದ್ದಳು. "ಸೊಂಟಕ್ಕೆ ಸೂಜಿ ಹಾಕಿದ್ರೆ ಇವನು ಮಗ್ಗದ ಗುಂಡಿಗೆ ಹೆಂಗೆ ಇಳೀತಾನೆ? ಒಬ್ಬ ಮಗನ್ನ ಉಳಿಸಾಕೆ ಇನ್ನೊಬ್ಬನ್ನ ಕುಂಟ ಮಾಡ್ಲಾ?"

ಆಸ್ಪತ್ರೆಯಲ್ಲಿ ಯಾರೋ, ಮಜ್ಜೆಯ ಬದಲು ಹೊಕ್ಕುಳಬಳ್ಳಿಯಿಂದಲೂ ಆಗುತ್ತದಂತೆ ಎಂದದ್ದು ಅವಳ ಕಿವಿಗೆ ಬಿತ್ತು. ಕೂಸಿನ ಹೊಕ್ಕುಳಬಳ್ಳಿ ಉದುರಿದ ಮೇಲೆ ಅದನ್ನು ಒಣಗಿಸಿ ತಾಯತದಲ್ಲಿ ಇಡುವುದು ನಮ್ಮ ಮನೆಯ ಪದ್ಧತಿ. ಮಾರುತೇಶನದನ್ನು ಅವ್ವ ಸೀರೆ ಪೆಟ್ಟಿಗೆಯಲ್ಲಿ ಕಾಪಾಡಿದ್ದಳು. ಊರಿಗೆ ಹೋಗಿ ಅದನ್ನು ತಂದು ನರ್ಸ್ ತ್ರಿವೇಣಿಯ ಅಂಗೈಯಲ್ಲಿಟ್ಟಳು.

"ಇವನ್ದೇ ಬಳ್ಳಿ ಕಣವ್ವ. ಇದನ್ನ ಹಾಕ್ರಿ. ದೊಡ್ಡೋನ ಸೊಂಟ ಮುಟ್ಟಬ್ಯಾಡ್ರಿ."

ಪರಶುರಾಂಪುರದ ಹುಡುಗಿ ತ್ರಿವೇಣಿ ನಗಲಿಲ್ಲ. "ಕೇಳ್ರವ್ವ, ಒಣಗಿದ ಬಳ್ಳಿಯಿಂದ ಏನೂ ಆಗಾದಿಲ್ಲ. ಬೇಕಾಗಿರಾದು ಅದರೊಳಗಿನ ಹಸಿ ರಕ್ತ. ಕೂಸು ಹುಟ್ಟಿ ಬಳ್ಳಿ ಕತ್ತರಿಸಿದ ಕೂಡ್ಲೇ ಹಿಡೀಬೇಕು, ಕಡು ತಣ್ಣಗೆ ಕಾಪಾಡ್ಬೇಕು."

"ಹಂಗಾದ್ರೆ ಯಾರ್ದಾದ್ರೂ ಕೂಸಿಂದು ತರಾಣ."

"ಅದೂ ಇವನಿಗೆ ಹೊಂದ್ಬೇಕಲ್ಲವ್ವ? ಹೊಂದಿದ್ರೂ ಬಳ್ಳೀಲಿ ಸಿಗಾ ರಕ್ತ ಸ್ವಲ್ಪ. ಸಣ್ಣ ಮಕ್ಕಳಿಗೆ ಸಾಕಾಗಬೌದು, ಬೆಳೆದ ಗಂಡಸಿಗೆ ಕಮ್ಮಿ ಬೀಳ್ತೈತೆ. ಹೊಸ ರಕ್ತ ಊರಾದೂ ತಡ. ಅಣ್ಣನ ಮಜ್ಜೆ ಹೊಂದೈತಲ್ಲ, ಇವನಿಗೆ ಅದೇ ಒಳ್ಳೇದು."

"ಸೊಂಟ?"

"ಬೆನ್ನುಹುರಿ ಮುಟ್ಟಾದಿಲ್ಲ. ಮಂಪರು ಕೊಟ್ಟು ಸೊಂಟದ ಮೂಳೆ ಹಿಂದ್ಗಡೆಯಿಂದ ಸೂಜೀಲಿ ತೆಗೀತಾರೆ. ಕೆಲವು ದಿನ ನೋವಿರ್ತೈತೆ. ತೆಗೆದಷ್ಟೂ ಕೆಲವು ವಾರದಾಗೆ ಮತ್ತೆ ಊರ್ತೈತೆ."

ಮಂಚದ ಮೇಲಿದ್ದ ಮಾರುತೇಶ, "ಅಣ್ಣನ ಮಜ್ಜೆ ಹಾಕಿದ್ರೆ ನಾನೂ ಅವನಂಗೆ ಬರೀ ಸುಳ್ಳು ಹೇಳ್ತೀನೇನೋ, ವಿಚಾರ ಮಾಡವ್ವ" ಎಂದ. ತ್ರಿವೇಣಿಗೆ ಆಗ ನಗು ಬಂತು. ಅವ್ವನಿಗೆ ಬರಲಿಲ್ಲ.

"ಆಷಾಢ ಬ್ಯಾಡ. ಗೌರಿ ಹಬ್ಬ ಕಳೀಲಿ" ಎಂದಳು. ನಾನೂ ತುಟಿ ಬಿಚ್ಚಲಿಲ್ಲ.

ಹಬ್ಬ ಕಳೆಯಿತು. ಅವ್ವ ಒಪ್ಪಿದಳು. ನಾನು ಹುಲಿಯಂತೆ ಮಂಚ ಏರಿದೆ, ಮಂಪರೂ ಬೇಡ ಎಂದೆ...

ಸಂಘದ ಹೆಂಗಸರ ಹಿಂದೆ ಕೂತಿದ್ದ ಅವ್ವ ಅಷ್ಟು ಹೊತ್ತಿಗೆ ಎದ್ದು ನಿಂತಳು.

"ಸಾಕು ಬಿಡೋ ಜಂಪಣ್ಣ. ಅಂಗಿ ಎತ್ತು. ಸೂಜಿ ಚುಚ್ಚಿದ್ದು ಎಲ್ಲೈತೆ, ತೋರ್ಸು."

ನಾನು ಎತ್ತಲಿಲ್ಲ. ಸಿದ್ದಕ್ಕ ಈ ಸಲ ನಗಲಿಲ್ಲ.

ನಿಜ ಇಷ್ಟೇ. ಹಬ್ಬ ಕಳೆದು ನಾವು ಹೋಗುವಷ್ಟರಲ್ಲಿ ರೋಗ ತಿರುಗಿ ಬಂದಿತ್ತು. ಈ ಸಲ ಅದು ಔಷಧಿಗೆ ಬಗ್ಗಲಿಲ್ಲ. ರೋಗ ತಗ್ಗದೆ ಮಜ್ಜೆ ಹಾಕಿ ಫಲವಿಲ್ಲ ಎಂದರು. ಅವ್ವ ಡಾಕ್ಟರ ಕಾಲು ಹಿಡಿದು, "ಈಗ ತಗೊಳ್ರಿ ಸ್ವಾಮಿ, ಇವನ ಸೊಂಟನೇ ಪೂರಾ ತಗೊಳ್ರಿ" ಎಂದು ಗೋಗರೆದಳು. ಅವರು ಅವಳನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿದರು, ಅಷ್ಟೇ. ದೀಪಾವಳಿಗೆ ಮಾರುತೇಶ ಇರಲಿಲ್ಲ. ನನ್ನಿಂದ ಒಂದು ಹನಿಯನ್ನೂ ಯಾರೂ ತೆಗೆಯಲಿಲ್ಲ. ಅವನಿಗೆ ಸೇರಬೇಕಾಗಿದ್ದ ಮಜ್ಜೆ ಇನ್ನೂ ನನ್ನೊಳಗೇ ಇದೆ.

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದು ಡಾಕ್ಟರು ಮಜ್ಜೆಯ ಮಾತೆತ್ತಿದರೆ, ಒಡಹುಟ್ಟಿದವರು ಮೊದಲು ಹೋಗಿ ಪರೀಕ್ಷೆ ಮಾಡಿಸಿ. ಅದೇ ಮನೆಯಲ್ಲಿ ಬಸುರಿ ಇದ್ದರೆ ಹೊಕ್ಕುಳಬಳ್ಳಿಯ ರಕ್ತದ ವಿಷಯವನ್ನು ಹೆರಿಗೆಗೆ ಮುಂಚೆಯೇ ಡಾಕ್ಟರ ಹತ್ತಿರ ಕೇಳಿ. ಹೆರಿಗೆ ಆದ ಮೇಲೆ ಅದು ಸಿಗುವುದಿಲ್ಲ. ನಿಮ್ಮದು ಹೊಂದಿದೆ ಎಂದರೆ ತಿಂಗಳು, ಹಬ್ಬ ನೋಡಬೇಡಿ, ಹೊರಡಿ.

ತುಂಬಾ ನೋವಾಗುತ್ತದೆಯೇ ಎಂದು ಕೊಟ್ಟವರನ್ನು ಕೇಳಿ. ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ.