ಮಾದರಿ ರಕ್ತ

ರಕ್ತಪರೀಕ್ಷೆಯ ಯಂತ್ರಕ್ಕೇ ತಲೆ ಕೆಟ್ಟಿರಬೇಕು. ಅವನ ರಕ್ತದಲ್ಲಿ, ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ ಎರಡು ದಾಟಿದೆ ಎಂದರೆ, ಸೂರ್ಯ ಇವತ್ತು ರಜೆ ಹಾಕಿದ್ದಾನೆ ಎಂದಂತೆ.

ಸುಳ್ಳಲ್ಲ, ಊರಿನ ರಕ್ತವೆಲ್ಲ ಅವನ ರಕ್ತದ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ಯಂತ್ರ ಸರಿಯಿದೆಯೇ ಎಂದು ತಿಳಿಯಲು ಬೆಳಗ್ಗೆ ಮೊದಲು ಕಂಪನಿಯ ಸೀಸೆಯ, ಅಂಕಿ ಮೊದಲೇ ಗೊತ್ತಿರುವ ದ್ರವವನ್ನು ಹಾಕಿ ನೋಡಬೇಕು. ಪ್ರಯೋಗಾಲಯ ನಡೆಸುವ ಅವನು ತನ್ನ ರಕ್ತವನ್ನೇ ಹಾಕುತ್ತಿದ್ದ. ಸಮುದ್ರಗಳು ಉಕ್ಕಿ ಇಳಿದರೂ ಅವನ ಅಂಕಿ 'ಒಂದು' ದಾಟುತ್ತಿರಲಿಲ್ಲ. ಪ್ರಯೋಗಾಲಯದ ಸಹಾಯಕಿ ಇಟ್ಟ ಹೆಸರು: ನಾರ್ಮಲ್ ಸಾರ್.

ಈಚೆಗೆ ಅಂಕಿ ಮೆಲ್ಲಗೆ ಏರತೊಡಗಿತ್ತು. ಮುದಿ ಯಂತ್ರ, ಅಂದುಕೊಂಡ. ಏರಿದಾಗಲೆಲ್ಲ ಯಂತ್ರವನ್ನು ತಿದ್ದಿ ತನ್ನ ಅಂಕಿಗೆ ತಂದು ನಿಲ್ಲಿಸಿದ. ನಿನ್ನೆ ರಿಪೇರಿಯವನು ಬಂದು ಆ ತಿದ್ದುಪಡಿಯನ್ನೆಲ್ಲ ಅಳಿಸಿ ಹೋಗಿದ್ದ.

"ಕಂಪನಿ ಸೀಸೆ ತೆಗೀಲಾ ಸಾರ್?" ಎಂದಳು ಸಹಾಯಕಿ.

"ಯಾಕೆ? ನಾನು ಸತ್ತಿದೀನಾ?"

"ಅಯ್ಯೋ, ಬಿಡ್ತು ಅನ್ನಿ."

ಫೋನು ಗುನುಗಿತು. ಹೆಂಡತಿ.

"ಬೀಪಿ ಮಾತ್ರೆ ತಗೊಂಡ್ರಾ?"

"ಹೂಂ."

"ಹೂಂ ಅಂದ್ರೆ?"

"ತಗೊಂಡೆ ಮಾರಾಯ್ತಿ." ಮಾತ್ರೆಯ ಪಟ್ಟಿ ಮೇಜಿನ ಖಾನೆಯಲ್ಲಿ, ಮದುಮಗಳಂತೆ, ಯಾರೂ ಮುಟ್ಟದೆ ಕೂತಿತ್ತು.

ಬಾಗಿಲಲ್ಲಿ ಬಸ್ ಡ್ರೈವರ್. ಬಾಗಿಲನ್ನೇ ತುಂಬುವಂಥ ಆಳು. ಕಣ್ಣಿನ ಕೆಳಗೆ ಮಾತ್ರ ಎರಡು ಚೀಲ.

"ನಮಸ್ಕಾರ ನಾರ್ಮಲ್ ಸಾರ್. ಹೋದ ಸಲ ಏನೂ ಇಲ್ಲ ಅಂದ್ರಿ. ಮುಖ ನೋಡಿದ್ರೆ ಕುಂಬಳಕಾಯಿ. ಬೀಪಿ ಕಿಡ್ನಿಗೆ ಇಳಿದಿದ್ರೆ ಸ್ಟೀರಿಂಗ್ ಬಿಡು ಅಂತಾರೆ ಡಾಕ್ಟ್ರು. ನಿಮ್ಮ ಕೈಲಿದೆ."

"ನನ್ನ ಕೈಲೇನಿದೆ. ರಕ್ತ ಹೇಳತ್ತೆ."

ಡ್ರೈವರನ ರಕ್ತವೂ ಯಂತ್ರದ ಮುಂದೆ ಬಂತು. ಅವನು ಅಂಕಿ ತಿದ್ದುವ ಗುಂಡಿಗಳ ಮೇಲೆ ಬೆರಳಿಟ್ಟ. ಯಂತ್ರವನ್ನು ಹೀಗೇ ಬಿಟ್ಟರೆ ಡ್ರೈವರನಿಗೂ ನಿಜ ಗೊತ್ತಾಗುತ್ತದೆ, ತನಗೂ. ತನ್ನನ್ನು ನಂಬಿ ಮನೆಗೆ ಹೋದವರೆಲ್ಲರಿಗೂ. ಸೀಸೆಗಳ ಕಪಾಟು ಎರಡು ಹೆಜ್ಜೆ ದೂರ. ಹಿಮಾಲಯ ಅದಕ್ಕಿಂತ ಹತ್ತಿರ.

ಸಹಾಯಕಿ ಕೈ ತೊಳೆಯಲು ಹೋದಳು. ಅವನು ಯಂತ್ರವನ್ನು ಮತ್ತೆ ತನ್ನ ಹಳೆಯ ಅಂಕಿಗೆ ತಿದ್ದಿದ. ಹಸಿರು ದೀಪ. ನಾಯಿಮರಿಗಿಂತ ವಿಧೇಯ.

ಅಂಕಿ ನೋಡಿದ ಡ್ರೈವರ್ ಕಿಟಕಿ ಗಾಜು ಅದುರುವಂತೆ ನಕ್ಕ.

"ನಾರ್ಮಲ್ಲಾ? ನಿಮ್ಮ ಹಾಗೇನಾ ಸಾರ್?"

"ನನ್ನ ಹಾಗೇ."

"ಹಾಗಿದ್ರೆ ಮುಖ ಯಾಕೆ ಊದಿದೆ?"

"ನಿದ್ದೆ ಕಡಿಮೆ ಇರಬೇಕು."

"ಅದು ನಿಜ. ಬರ್ತೀನಿ, ಟ್ರಿಪ್ಪಿಗೆ ಹೊತ್ತಾಯ್ತು. ಬಸ್ ತುಂಬಾ ಜನ ಕಾಯ್ತಿದಾರೆ."

ಅವನು ಕರೆಯಲು ಬಾಯಿ ತೆರೆದ. ಡ್ರೈವರನ ಹೆಸರೇ ನೆನಪಾಗಲಿಲ್ಲ. ಕೆಳಗೆ ಬಸ್ಸು ಗುಡುಗಿ ಹೊರಟಿತು.

ಅವನ ಊದಿದ ಪಾದಕ್ಕೆ ಕಾಲುಚೀಲ ಬಿಗಿಯುತ್ತಿತ್ತು. ಬಗ್ಗಿ, ಕೆಳಗೆ ಸರಿಸಿ, ಪಾದದ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದ. ಗುಳಿ ಬಿತ್ತು. ತುಂಬಿಕೊಳ್ಳಲಿ ಎಂದು ಕಾದ. ಒಂದು ಯುಗವೇ ಕಾದ.

ಸಹಾಯಕಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಸಾಲಾಗಿ ಒಳಗೆ ಬಂದು, ಆರೋಗ್ಯವಂತರಾಗಿ ಹೊರಗೆ ಹೋಗುತ್ತಿದ್ದರು.

ಗುಳಿ ಹಾಗೇ ಇತ್ತು, ಅವನದೇ ಬೆರಳಿನ ಅಳತೆಗೆ ಸರಿಯಾಗಿ.