ಶಂಖದ ಮನೆಯವರು

ನಮ್ಮ ದ್ವೀಪದ ಫಂಗಲೇವ ಊರಿನ ಹೆಂಗಸರ ಮೀನುಬುಟ್ಟಿ ಯಾವಾಗಿನಿಂದ ಹಗುರವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ. ಹಗುರವಾದದ್ದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ. ಮೊದಲು ಕಡಲು ಇಳಿದ ಹೊತ್ತಿನಲ್ಲಿ ಕಡಲೊಳಗಿನ ಹವಳದ ದಂಡೆಯ ಮೇಲೆ ನಡೆದುಬಂದರೆ ಸಂಜೆಯ ಅಡುಗೆಗಾಗುವಷ್ಟು ಸಿಗುತ್ತಿತ್ತು. ತೆಂಗಿನಹಾಲಿನಲ್ಲಿ ಆಕ್ಟೋಪಸ್ ಬೇಯುವ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಡಬ್ಬಿ ಮೀನು. ದಂಡೆ ಅಲ್ಲಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಆ ಬಿಳಿಯ ಪಕ್ಕದಲ್ಲೇ, ಮೈತುಂಬ ಮುಳ್ಳು ನಿಗುರಿಸಿಕೊಂಡು, ಊಟದ ತಟ್ಟೆಯಷ್ಟು ಅಗಲದ ಅಲಮೆಯಾ ಕೂತಿರುತ್ತದೆ.

ಅಲಮೆಯಾ ಎಂದರೆ ಮುಳ್ಳಿನ ನಕ್ಷತ್ರಮೀನು. ಅದು ಹವಳದ ಮೇಲೆ ಹತ್ತಿ, ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ, ಜೀವಂತ ಹವಳವನ್ನು ಕರಗಿಸಿ ಹೀರುತ್ತದೆ. ಎದ್ದುಹೋದ ಮೇಲೆ ಉಳಿಯುವುದು ಬಿಳಿ ಎಲುಬು. ನಾಲ್ಕಾರು ಇದ್ದರೆ ದಂಡೆ ತಾಳಿಕೊಳ್ಳುತ್ತದೆ. ಹಿಂಡುಗಟ್ಟಿ ಬಂದರೆ ಹವಳವೂ ಉಳಿಯದು, ಅದರ ಸಂದುಗಳಲ್ಲಿ ಬಾಳುವ ಮೀನೂ ಉಳಿಯದು.

ಇದಕ್ಕೆ ನಮ್ಮೂರ ಗಂಡಸರು ಹಿಡಿದ ದಾರಿ ಮಚ್ಚು. ತೋಟದಲ್ಲಿ ಕಳೆ ಸವರುವ ಅದೇ ಮಚ್ಚನ್ನು ದೋಣಿಯಲ್ಲಿ ಇಟ್ಟುಕೊಂಡು ಹೋಗಿ, ಕಂಡ ಅಲಮೆಯಾವನ್ನೆಲ್ಲ ಎರಡು ತುಂಡು ಮಾಡಿ ಅಲ್ಲೇ ನೀರಿಗೆ ಎಸೆದು ಬರುತ್ತಿದ್ದರು. ಅವರಲ್ಲಿ ಮುಂದಾಳು ಸೆಫೋ. ಅವನಷ್ಟು ಕಡಿದವರು ಇನ್ನೊಬ್ಬರಿಲ್ಲ. ಆದರೂ ಅಲಮೆಯಾ ಕಡಿಮೆಯಾಗಲಿಲ್ಲ.

ಹೀಗಿರುವಾಗ ಸೆಫೋನ ಅಕ್ಕನ ಮಗಳು ಫುವಾತೀನೋ ರಾಜಧಾನಿ ಅಪಿಯಾದಿಂದ ಕ್ಯಾಮೆರಾ ಹೊತ್ತು ಊರಿಗೆ ಬಂದಳು. ಅವಳ ಮೊದಲ ಸಿನಿಮಾ ನಮ್ಮ ದಂಡೆಯದೇ ಎಂದು ಗೊತ್ತಾಗಿ ಊರಿಗೆ ಖುಷಿ, ಜೊತೆಗೆ ಸ್ವಲ್ಪ ನಗು. ನಾನು ಇಲ್ಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸಿನಿಮಾದಲ್ಲಿ ಹೇಳುವ ಒಂದೊಂದು ಮಾತನ್ನೂ ಅವಳು ನನ್ನ ಬಳಿ ತಂದು, ಇದು ಸರಿಯೇ, ಇದಕ್ಕೆ ಆಧಾರ ಇದೆಯೇ ಎಂದು ಕೇಳುತ್ತಿದ್ದಳು. ಮಚ್ಚಿನ ವಿಷಯ ಬಂದಾಗ ನಾನು ತಿಳಿದದ್ದನ್ನು ಹೇಳಿದೆ. ನಕ್ಷತ್ರಮೀನನ್ನು ಕಡಿದು ನೀರಿಗೆ ಬಿಟ್ಟರೆ ಅದು ಸಾಯಲೇಬೇಕೆಂದಿಲ್ಲ. ನಡುಮೈಯ ಸಾಕಷ್ಟು ಭಾಗ ಉಳಿದ ತುಂಡು ಚೇತರಿಸಿಕೊಂಡು ಮತ್ತೆ ತೋಳು ಬೆಳೆಸಿಕೊಳ್ಳಬಹುದು.

ಅದನ್ನು ಅವಳು ಸೋದರಮಾವನಿಗೆ ಹೇಳಿದ್ದು ತನ್ನ ಅಜ್ಜಿ ಪೆನೀನಾಳ ಮನೆಯಲ್ಲಿ. ನಾನೂ ಅಲ್ಲಿದ್ದೆ. ಸೆಫೋ ಬೆಂದ ಕೆಸುವಿನ ಗೆಡ್ಡೆಯನ್ನು ಕೈಯಲ್ಲಿ ಹಿಡಿದೇ ನಕ್ಕ.

"ಅಂದ್ರೆ ನಾನು ಇಷ್ಟು ದಿನ ಅಲಮೆಯಾ ಬೇಸಾಯ ಮಾಡ್ತಿದ್ದೆ ಅಂತೀಯಾ, ಡೈರೆಕ್ಟ್ರಮ್ಮ?"

"ಪೂರ್ತಿ ಅಲ್ಲ ಮಾವ. ಒಂದಷ್ಟು ಸತ್ತಿರತ್ವೆ. ಉಳಿದವಕ್ಕೆ ನಿನ್ ಮೇಲೆ ಭಾಳ ಪ್ರೀತಿ ಇರತ್ತೆ."

ಅಜ್ಜಿ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು. ಸೆಫೋಗೆ ಮಾತ್ರ ಅದು ಹಿಡಿಸಲಿಲ್ಲ. ಸಿನಿಮಾ ಎಂದರೆ ಪ್ರೀತಿ ಇರಬೇಕು, ಹೊಡೆದಾಟ ಇರಬೇಕು, ಮುಳ್ಳಿನ ಹುಳುವನ್ನು ಯಾರು ಕೂತು ನೋಡುತ್ತಾರೆ, ಇದೆಲ್ಲ ಎಲ್ಲಿಂದ ತಲೆಗೆ ಬಂತು ಎಂದು ಕೇಳಿದ.

ಫುವಾತೀನೋ ಬಲಗಾಲನ್ನು ಚಾಪೆಯ ಮೇಲೆ ಮುಂದಕ್ಕೆ ಚಾಚಿದಳು. ಅಂಗಾಲಿನಲ್ಲಿ ಕಪ್ಪು ಚುಕ್ಕೆಗಳ ಸಾಲು. ಚಿಕ್ಕವಳಿದ್ದಾಗ ದಂಡೆಯ ಮೇಲೆ ಅಲಮೆಯಾ ತುಳಿದದ್ದರ ಗುರುತು. ಸಿನಿಮಾದ ಯೋಚನೆ ಇಲ್ಲಿಂದ ಬಂತು ಎಂದಳು. ಆಗ ಕಾಲು ಊದಿ ಮನೆಯಲ್ಲೇ ಮಲಗಿದ್ದಳಂತೆ. ಹೊತ್ತು ಹೋಗದೆ ತಾತನ ಪೂವನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗೆ ಕಣ್ಣಿಟ್ಟು ನೋಡುತ್ತಿದ್ದಳಂತೆ.

ಪೂ ಎಂದರೆ ಊದುವ ದೊಡ್ಡ ಶಂಖ. ಸಂಜೆ ಪೂ ಮೊಳಗಿದರೆ ನಮ್ಮಲ್ಲಿ ಪ್ರಾರ್ಥನೆಯ ಹೊತ್ತು. ರಸ್ತೆಯಲ್ಲಿರುವವರು ಇದ್ದಲ್ಲೇ ಕೂರುತ್ತಾರೆ, ಚೆಂಡಾಟ ನಿಲ್ಲುತ್ತದೆ, ಮನೆಮನೆಯಿಂದ ಹಾಡು ಏಳುತ್ತದೆ. ಆ ಪೂ ಊದುತ್ತಿದ್ದವರು ಅವಳ ತಾತ. ಅವರ ನಂತರ ಆ ಕೆಲಸ ಸೆಫೋಗೆ ಬಂತು.

"ಅಜ್ಜೀನ ಕೇಳ್ದೆ, ಇದರ ಮನೆಯವರು ಎಲ್ಲಿ ಹೋದ್ರು ಅಂತ," ಎಂದಳು ಫುವಾತೀನೋ. "ಯಾರೂ ಇಲ್ದೆ ಇಷ್ಟು ದೊಡ್ಡ ಮನೆ ಯಾಕೆ ಕಟ್ತಾರೆ ಅಂತ. ಅಜ್ಜಿ ಏನಂದ್ಲು ಗೊತ್ತಾ? ನಿನ್ ಕಾಲಿಗೆ ಚುಚ್ಚಿದ್ದನ್ನ ತಿನ್ನೋದು ಆ ಮನೆಯವರೇ ಅಂದ್ಲು. ನನ್ ಸಿನಿಮಾ ಅವತ್ತೇ ಶುರುವಾಯ್ತು ಮಾವ. ಕ್ಯಾಮೆರಾ ಆಮೇಲೆ ಬಂತು, ಅಷ್ಟೆ."

ಪೆನೀನಾ ತಲೆಯಾಡಿಸಿದಳು. ತಾನು ಹುಡುಗಿಯಾಗಿದ್ದಾಗ ದಂಡೆಯ ಆಚೆ ಬದಿಯಲ್ಲಿ ಶಂಖ ಅಲಮೆಯಾದ ಮೇಲೆ ಹತ್ತಿ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದಳು. ಸೆಫೋ ಒಪ್ಪಲಿಲ್ಲ. ಅಷ್ಟು ಮುಳ್ಳನ್ನು ಮೆತ್ತಗಿನ ಹುಳು ತಿನ್ನುವುದು ಅಜ್ಜಿಕಥೆ ಎಂದ. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ ಕೆಮ್ಮಿ, ಇನ್ನೊಂದು ಮಾತು ಹೇಳಿದ.

ಕಳೆದ ಚಂಡಮಾರುತದಲ್ಲಿ ಊರ ಪೂ ಕಂಬದಿಂದ ಬಿದ್ದು ಸೀಳಿತ್ತು. ಊದಿದರೆ ಗಾಳಿ ಸೋರುತ್ತಿತ್ತು. ಪಕ್ಕದೂರಿನವರು ಖಾಲಿ ಗ್ಯಾಸ್ ಸಿಲಿಂಡರ್ ನೇತುಹಾಕಿ ಕಬ್ಬಿಣದಿಂದ ಬಡಿಯುತ್ತಾರೆ. ನಾವೂ ಅದಕ್ಕೆ ಇಳಿಯುವುದು ಬೇಡವೆಂದು ಊರ ಹಿರಿಯರು ಹೊಸ ಪೂ ತರುವ ಹೊಣೆಯನ್ನು ಸೆಫೋಗೆ ಕೊಟ್ಟಿದ್ದರು. ಮಕ್ಕಳು ಬಿಳಿ ಬಟ್ಟೆ ತೊಟ್ಟು ಪ್ರಾರ್ಥನೆಗೆ ಸೇರುವ ಬಿಳಿ ಭಾನುವಾರದ ಹಬ್ಬಕ್ಕೆ ಅದು ಮೊಳಗಬೇಕು. ಅವನು ಎಷ್ಟೋ ಕಡೆ ಮುಳುಗಿ ಹುಡುಕಿ ಕೊನೆಗೆ ಒಂದನ್ನು ಹಿಡಿದಿದ್ದ. ಒಂದು ಮೊಳ ಉದ್ದದ ಜೀವಂತ ಶಂಖ. ದಡದ ಬಳಿ ಬುಟ್ಟಿಯಲ್ಲಿ ನೀರಿನಲ್ಲೇ ಇಟ್ಟಿದ್ದ. ಮರುದಿನ ಬೇಯಿಸಿ ಒಳಗಿನದನ್ನು ತೆಗೆಯುವುದೆಂದು ಗೊತ್ತುಮಾಡಿದ್ದ.

ಫುವಾತೀನೋಳ ಮುಖದ ನಗು ಹೋಯಿತು. ಬಂದಾಗಿನಿಂದ ಅವಳು ನೀರಿನಲ್ಲಿ ಹುಡುಕುತ್ತಿದ್ದದ್ದು ಅದನ್ನೇ. ಒಂದೂ ಕಂಡಿರಲಿಲ್ಲ. ಕಪಾಟಿನ ಅಲಂಕಾರಕ್ಕೆ, ಪ್ರವಾಸಿಗರ ಚೀಲಕ್ಕೆ, ನೆಂಟರ ಉಡುಗೊರೆಗೆ ಎಂದು ಎಲ್ಲರೂ ಒಂದೊಂದು ಎತ್ತಿದ್ದರು. ಅವನು ಹಿಡಿದದ್ದು ಕೊನೆಯದು ಎಂದು ನಾನು ಹೇಳಲಾರೆ, ಕಡಲನ್ನು ಯಾರೂ ಪೂರ್ತಿ ಹುಡುಕಿಲ್ಲ. ಆದರೆ ಅವಳಿಗಾಗಲಿ ಅವನಿಗಾಗಲಿ ಇನ್ನೊಂದು ಸಿಕ್ಕಿರಲಿಲ್ಲ.

ಅವಳು ಬೇಡ ಎನ್ನಲಿಲ್ಲ. ಮಾವನ ಮಾತು ಹಿರಿಯರ ಮುಂದೆ ಬೀಳಬಾರದೆಂದು ಅವಳಿಗೂ ಗೊತ್ತಿತ್ತು. ಬೇಯಿಸುವ ಮೊದಲು ಒಮ್ಮೆ ಚಿತ್ರ ತೆಗೆದುಕೊಳ್ಳುತ್ತೇನೆ, ಜೊತೆಗೆ ಒಂದು ಅಲಮೆಯಾವನ್ನು ಕಡಿಯದೆ ತಂದುಕೊಡು ಎಂದಷ್ಟೇ ಕೇಳಿದಳು. ಅಜ್ಜಿಕಥೆ ಸುಳ್ಳೆಂದು ತೋರಿಸುವ ಅವಕಾಶ ಸಿಕ್ಕಿದ್ದರಿಂದ ಸೆಫೋ ಒಪ್ಪಿದ.

ಬೆಳಿಗ್ಗೆ ಕಡಲು ಇಳಿದಾಗ ದಂಡೆಯ ಮೇಲಿನ ಒಂದು ಹೊಂಡದ ಸುತ್ತ ನಾವು ಸೇರಿದೆವು. ನೀರು ಮೊಣಕಾಲಿನಷ್ಟು. ಸೆಫೋ ಕೊಕ್ಕೆಯ ಕೋಲಿನಿಂದ ಅಲಮೆಯಾವನ್ನು ಇಳಿಸಿದ. ಅದು ಒಂದು ಹವಳವನ್ನು ತಬ್ಬಿ ಕಲ್ಲಿನಂತೆ ಕೂತಿತು. ಶಂಖವನ್ನು ಸ್ವಲ್ಪ ದೂರದಲ್ಲಿ ಇಟ್ಟ. ಅದು ಮೈಯನ್ನು ಒಳಗೆಳೆದುಕೊಂಡು ಬಾಯಿಗೆ ಕಂದು ಮುಚ್ಚಳ ಬಿಗಿದುಕೊಂಡಿತ್ತು.

"ನೋಡು, ಬಾಗಿಲು ಹಾಕ್ಕೊಂಡಿದೆ," ಎಂದಳು ಪೆನೀನಾ. "ನಮ್ಮೂರಲ್ಲಿ ಬಾಗಿಲಿರೋ ಮನೆ ಇದೊಂದೇ."

ಅದು ನಿಜ. ನಮ್ಮ ಹಳೆಯ ಮನೆಗಳಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಹಾಗಂತ ಕೂಗಿ ಕೇಳದೆ ಯಾರೂ ಯಾರ ಮನೆಗೂ ಹತ್ತುವುದಿಲ್ಲ.

ಬಹಳ ಹೊತ್ತು ಏನೂ ಆಗಲಿಲ್ಲ. ಸೆಫೋ ಆಕಳಿಸಿದ. ಕಥೆ ಮುಗಿಯಿತೋ ಎಂದು ಅಜ್ಜಿಯನ್ನು ಕೆಣಕಿದ. ಆಮೇಲೆ ಮುಚ್ಚಳ ಸರಿಯಿತು. ಪಟ್ಟೆ ಪಟ್ಟೆಯ ಎರಡು ಮೀಸೆ ಹೊರಬಂದು ನೀರನ್ನು ತಡವಿದವು. ಚುಕ್ಕೆಗಳ ಮೈ ಹೊರಗೆ ಹರಿದು, ಅಷ್ಟು ಭಾರದ ಚಿಪ್ಪನ್ನು ಎತ್ತಿಕೊಂಡು ನಡೆಯಿತು.

ಅಲಮೆಯಾ ಅಲುಗಿತು. ತೋಳುಗಳ ತುದಿ ಮೇಲೆದ್ದವು. ಹವಳವನ್ನು ಬಿಟ್ಟು, ಶಂಖಕ್ಕೆ ಬೆನ್ನು ಹಾಕಿ, ಹೊಂಡದ ಆಚೆ ಅಂಚಿಗೆ ಹೊರಟಿತು.

ಸೆಫೋ ಬಗ್ಗಿದ. ಅವನ ನೆರಳು ನೀರಿನ ಮೇಲೆ ಬಿತ್ತು. ಫುವಾತೀನೋ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು.

"ಓಡ್ತಾ ಇದೆ," ಎಂದ ಅವನು ಮೆಲ್ಲಗೆ. "ನಾನು ಮಚ್ಚು ಹಿಡ್ಕೊಂಡು ಹೋದ್ರೆ ಕೂತಲ್ಲೇ ಕೂತಿರತ್ತೆ. ಇದನ್ನ ಕಂಡ್ರೆ ಓಡ್ತಾ ಇದೆ."

ಶಂಖಕ್ಕೆ ಅವಸರವಿರಲಿಲ್ಲ. ಬಂಡೆಯ ಮೂಲೆಯಲ್ಲಿ ಅಲಮೆಯಾವನ್ನು ತಡೆದು, ಮೇಲೆ ಹತ್ತಿ, ಮುಳ್ಳುಗಳ ನಡುವೆಯೇ ಬಾಯಿಟ್ಟಿತು. ನೀರು ಏರುವವರೆಗೂ ಯಾರೂ ಎದ್ದುಹೋಗಲಿಲ್ಲ.

ವಾಪಸ್ ಬರುವಾಗ ಸೆಫೋ ನನ್ನನ್ನು ಕೇಳಿದ, ಇದೊಂದು ಶಂಖವನ್ನು ಬದುಕಲು ಬಿಟ್ಟರೆ ದಂಡೆ ಉಳಿಯುತ್ತದೆಯೇ ಎಂದು. ಉಳಿಯುವುದಿಲ್ಲ ಎಂದೆ. ಒಂದು ಶಂಖ ತಿನ್ನುವುದು ನಿಧಾನ, ಒಂದು ಅಲಮೆಯಾ ಇಡುವ ಮೊಟ್ಟೆಗೆ ಲೆಕ್ಕವೇ ಇಲ್ಲ. ಶಂಖವೂ ಇರಬೇಕು, ನಮ್ಮ ಕೈಗಳೂ ಕೆಲಸ ಮಾಡಬೇಕು, ಆದರೆ ಸರಿಯಾದ ರೀತಿಯಲ್ಲಿ. ಕೊಕ್ಕೆಯಿಂದ ಎತ್ತಿ, ದಡಕ್ಕೆ ತಂದು, ಅಲೆ ಮುಟ್ಟದ ಕಡೆ ಆಳವಾಗಿ ಹೂಳಬೇಕು. ಶಂಖದ ವಾಸನೆ ಇದ್ದ ಕಡೆ ಅಲಮೆಯಾ ನೆಮ್ಮದಿಯಾಗಿ ಗುಂಪುಕಟ್ಟುವುದಿಲ್ಲ, ಅದೂ ದೊಡ್ಡ ಸಹಾಯವೇ.

"ಹಿರಿಯರಿಗೆ ಏನ್ ಹೇಳ್ತೀಯಾ ಮಾವ?" ಎಂದು ಫುವಾತೀನೋ ಕೇಳಿದಳು. ಅವಳಿಗೆ ಆ ಪ್ರಶ್ನೆಯೇ ಭಯ.

"ಯಾರನ್ನೂ ಕೇಳ್ದೆ ಒಬ್ಬರ ಮನೆಗೆ ನುಗ್ಗಿದ್ದೆ, ಮನೆಯವರು ಇದ್ರು, ವಾಪಸ್ ಬಂದೆ ಅಂತೀನಿ."

ಹಾಗೆಯೇ ಹೇಳಿದ. ಸಭೆಯಲ್ಲಿ ಕೆಲವರು ಗೊಣಗಿದರು, ಬಿಳಿ ಭಾನುವಾರಕ್ಕೆ ಸಿಲಿಂಡರ್ ಬಡಿಯುವುದೇ ಎಂದು ಕೇಳಿದರು. ಫುವಾತೀನೋ ಹೊಂಡದ ಚಿತ್ರವನ್ನು ಅವರಿಗೂ ತೋರಿಸಿದಳು. ಹಿರಿಯರು ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಕೊನೆಗೆ, ನಮ್ಮ ದಂಡೆಯಿಂದ ಜೀವಂತ ಪೂವನ್ನು ಯಾರೂ ಎತ್ತಬಾರದು, ಅಲಮೆಯಾವನ್ನು ನೀರಿನಲ್ಲಿ ಕಡಿಯಬಾರದು ಎಂದು ಗೊತ್ತುಮಾಡಿದರು. ಒಡೆದ ಪೂವನ್ನು ಏನು ಮಾಡುವುದೆಂಬುದನ್ನು ಸೆಫೋಗೇ ಬಿಟ್ಟರು.

ಅವನು ದೀವಿಹಲಸಿನ ಮರಕ್ಕೆ ಗೀರಿ ಅಂಟು ತೆಗೆದ. ಅವನ ತಾತಂದಿರು ದೋಣಿಯ ಬಿರುಕು ಮುಚ್ಚುತ್ತಿದ್ದದ್ದು ಅದರಿಂದಲೇ. ಸೀಳಿಗೆ ಅಂಟು ತುಂಬಿ, ತೆಂಗಿನ ನಾರಿನ ಹುರಿ ಬಿಗಿಯಾಗಿ ಸುತ್ತಿ, ಒಣಗಲು ಬಿಟ್ಟ. ಬಿಳಿ ಭಾನುವಾರದ ಸಂಜೆ, ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದಾಗ, ಊದಿದ. ಹಳೆಯ ದನಿಯಲ್ಲ. ಸ್ವಲ್ಪ ತಗ್ಗಿದ, ಗಂಟಲು ಕಟ್ಟಿದಂಥ ದನಿ. ಪಕ್ಕದೂರಿನವನೊಬ್ಬ, "ಏನಪ್ಪಾ ಸೆಫೋ, ನಿಮ್ ಪೂಗೆ ನೆಗಡಿಯಾ?" ಎಂದ.

"ಹೂಂ," ಎಂದ ಸೆಫೋ. "ಸಿಲಿಂಡರ್ರಿಗೆ ನೆಗಡಿ ಆಗಲ್ಲ, ಅದರಲ್ಲಿ ಯಾವತ್ತೂ ಜೀವ ಇರ್ಲಿಲ್ಲ ನೋಡು."

ಫುವಾತೀನೋಳ ಸಿನಿಮಾ ಆ ಒಡಕು ದನಿಯಿಂದಲೇ ಶುರುವಾಗುತ್ತದೆ. ಆಮೇಲೆ ಒಂದು ಅಂಗಾಲು, ಅದರ ಮೇಲಿನ ಕಪ್ಪು ಚುಕ್ಕೆಗಳು. ಆಮೇಲೆ ನೀರು.

ಓದುತ್ತಿರುವವರೇ, ನಿಮ್ಮ ಕಡಲು ಯಾವುದೇ ಇರಲಿ. ದಂಡೆಯ ಮೇಲೆ ಮುಳ್ಳಿನ ನಕ್ಷತ್ರಮೀನು ಹೆಚ್ಚಿದ್ದು ಕಂಡರೆ ಕಡಿದು ಎಸೆಯಬೇಡಿ. ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿ, ಅವರು ತೋರಿಸಿದಂತೆ ದಡಕ್ಕೆ ತಂದು ಹೂಳಿ. ಬರಿಗೈಯಲ್ಲಿ ಮುಟ್ಟಬೇಡಿ. ಚುಚ್ಚಿದರೆ ಕೈಯನ್ನೋ ಕಾಲನ್ನೋ ತಾಳುವಷ್ಟು ಬಿಸಿಯಾದ ನೀರಿನಲ್ಲಿಟ್ಟು, ಆಮೇಲೆ ಆಸ್ಪತ್ರೆಗೆ ಹೋಗಿ. ಅಂಗಡಿಯಲ್ಲಿ ಹೊಳೆಯುವ ಶಂಖ ಕಂಡಾಗ ಅದು ದಡಕ್ಕೆ ತಾನಾಗಿ ಬಂದದ್ದಲ್ಲ, ಕುದಿಯುವ ನೀರಿನಿಂದ ಬಂದದ್ದಿರಬಹುದು ಎಂದು ನೆನಪಿಡಿ, ಕೊಳ್ಳಬೇಡಿ. ನೀರಿನಲ್ಲಿ ಕಂಡು ಕೈ ಚಾಚುವ ಮೊದಲು, ಬಾಗಿಲಿಲ್ಲದ ಮನೆಯ ಮುಂದೆ ನಿಂತಾಗ ನಾವು ಕೇಳುವ ಮಾತನ್ನೇ ಕೇಳಿ:

ಮನೆಯವರು ಇದ್ದೀರಾ?

ಇದ್ದರೆ, ವಾಪಸ್ ಬನ್ನಿ.