ಬೋರ್ಡಿನ ಮೇಲಿನ ಹೆಸರು

ಐವತ್ತೊಂದು ವರ್ಷದ ಸಂಸಾರದಲ್ಲಿ ಅಂಬುಜಮ್ಮ ಗಂಡನ ಹೆಸರನ್ನು ಒಂದೇ ಒಂದು ಸಲ ಹೇಳಿದ್ದಳು. ಅದೂ ಮದುವೆಯ ದಿನ, ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಪೀಡಿಸಿದ್ದಕ್ಕೆ. ಹೆಸರೆತ್ತಿದರೆ ಗಂಡನ ಆಯುಸ್ಸು ಸವೆಯುತ್ತದೆ ಎಂದು ಆಮೇಲೆ ಅತ್ತೆ ಹೇಳಿದರು, ಅಲ್ಲಿಗೆ ಮುಗಿಯಿತು. ದೇವರನಾಮದಲ್ಲಿ ‘ಹರಿದಾಸ’ ಎಂಬ ಪದ ಬಂದರೂ ಅವಳು ರಾಗ ಎಳೆದು ದಾಟಿಸಿಬಿಡುವಳು. ಭಜನೆಗೆ ಬಂದವರು ನಗುತ್ತಿದ್ದರು, ಗಂಡ ಹರಿದಾಸರೂ ನಗುತ್ತಿದ್ದರು. ನಗಲಿ, ನೂರು ವರ್ಷ ನಗಲಿ ಎಂದು ಅವಳು ಅಂದುಕೊಳ್ಳುತ್ತಿದ್ದಳು.

ಆ ದ್ವಾದಶಿಯ ಬೆಳಿಗ್ಗೆ ಪಾರಣೆ ಮುಗಿಸಿ ಕೈತೊಳೆದ ಹರಿದಾಸರು ಎದೆ ಹಿಡಿದುಕೊಂಡು ಕುಸಿದರು. ನಿನ್ನೆಯೆಲ್ಲ ಉಪವಾಸ, ಗ್ಯಾಸ್ ಇರಬೇಕು ಎಂದು ಅವಳು ಜೀರಿಗೆ ನೀರು ಕುಡಿಸುತ್ತ ಅರ್ಧ ಗಂಟೆ ಹಾಳು ಮಾಡಿದಳು. ಬೆವರಿನಿಂದ ಬನಿಯನ್ ಒದ್ದೆಯಾದ ಮೇಲೆ ಬುದ್ಧಿ ಬಂತು. ಪೆರಂಬೂರಿನ ಅವರ ಬೀದಿಯ ತುದಿಯಲ್ಲಿ, ಮೊದಲು ಸೋಫಾ ಅಂಗಡಿಯಿದ್ದ ಜಾಗದಲ್ಲಿ, ಹೊಸದಾಗಿ ಒಂದು ಎಮರ್ಜೆನ್ಸಿ ಸೆಂಟರ್ ತೆರೆದಿತ್ತು. ಆರೇ ಹಾಸಿಗೆ, ವಾರ್ಡಿಲ್ಲ. ಜೀವ ಹಿಡಿದಿಟ್ಟು ದೊಡ್ಡ ಆಸ್ಪತ್ರೆಗೆ ದಾಟಿಸುವುದಷ್ಟೇ ಅಲ್ಲಿನವರ ಕೆಲಸ. ಆಟೋದಿಂದ ಇಳಿಸಿದ ಕೂಡಲೇ ಅವರನ್ನು ಪರದೆಯ ಒಳಗೆ ತಳ್ಳಿಕೊಂಡು ಹೋದರು.

ಕೌಂಟರಿನಲ್ಲಿದ್ದ ಕೃತಿ ಎಂಬವಳು ತಮಿಳಿನಲ್ಲಿ ರೋಗಿಯ ಹೆಸರು ಕೇಳಿದಳು, “ಪೇಷಂಟ್ ಪೇರ್ ಎನ್ನಮ್ಮಾ?”

ಅಂಬುಜಮ್ಮನ ನಾಲಿಗೆ ಅಭ್ಯಾಸಬಲದಿಂದ ಹಿಂದೆ ಸರಿಯಿತು. ಅವಳು ಪರ್ಸಿನಿಂದ ಇನ್ಶೂರೆನ್ಸ್ ಕಾರ್ಡು ತೆಗೆದು ಮುಂದಿಟ್ಟಳು. ಮಗ ಸುಘೋಷನಿಗೆ ಅವನ ಆಫೀಸು ಕೊಟ್ಟ ಕಾರ್ಡು ಅದು, ಅಪ್ಪ ಅಮ್ಮನ ಚಿಕಿತ್ಸೆಯೂ ಅದರಲ್ಲೇ. ಹತ್ತು ಜನ ಒಟ್ಟಿಗೆ ನುಗ್ಗಿದ್ದ ಹೊತ್ತು. ಕೃತಿ ಕಾರ್ಡಿನಲ್ಲಿ ದಪ್ಪಗಿದ್ದ ಹೆಸರನ್ನು ಕಂಪ್ಯೂಟರಿಗೆ ಹಾಕಿ, ಹರಿದಾಸರ ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನು ಒಳಗೆ ಕಳಿಸಿದಳು.

ಅಂಬುಜಮ್ಮ ಊರಿನ ಆಚೆ ತುದಿಯ ಅಡ್ಯಾರಿನಲ್ಲಿದ್ದ ಮಗನಿಗೆ ಫೋನು ಮಾಡಿದಳು. “ವಂದುಟ್ಟೇ ಇರುಕ್ಕೇನ್‌ಮಾ,” ಬರ್ತಾನೇ ಇದ್ದೀನಿ ಎಂದ. ಕನ್ನಡ ತಿಳಿದರೂ ಉತ್ತರ ಮಾತ್ರ ತಮಿಳಿನಲ್ಲೇ ಕೊಡುವ ಮಗ. ಹರಿದಾಸರಿಗೆ ಅದೊಂದು ಸಿಟ್ಟು. ರೈಲು ಕೋಚ್ ಫ್ಯಾಕ್ಟರಿಯಲ್ಲಿ ಮೂವತ್ತೈದು ವರ್ಷ ತಮಿಳಿನಲ್ಲೇ ದುಡಿದರೂ ಮನೆಯ ಹೊಸಿಲು ದಾಟಿದ ಮೇಲೆ ಅವರು ಒಂದು ತಮಿಳು ಪದ ಆಡಿದವರಲ್ಲ.

ಪರದೆಯಾಚೆಯಿಂದ, ಕಣ್ಣು ಬಿಡಿ ಎನ್ನುವ ಡಾಕ್ಟರ ದನಿ ಕೇಳಿಸಿತು. “ಸುಘೋಷ್ ಸಾರ್, ಕಣ್ಣೆ ತೊರಂಗ. ಸುಘೋಷ್ ಸಾರ್.”

ಅಂಬುಜಮ್ಮ ತಲೆಯೆತ್ತಿದಳು. ಗೋಡೆಯ ಬೋರ್ಡಿನಲ್ಲಿ ಹಾಸಿಗೆ ಮೂರರ ಎದುರು ಕೆಂಪು ಅಕ್ಷರದಲ್ಲಿ ಮಗನ ಹೆಸರಿತ್ತು. ಕೆಂಪೆಂದರೆ ಜೀವಕ್ಕೆ ಅಪಾಯ ಎಂದು ಪಕ್ಕದಲ್ಲೇ ಬರೆದಿತ್ತು. ಮತ್ತೆ ಮಗನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮೂರು ಸಲವೂ ಎತ್ತಲಿಲ್ಲ.

ನರ್ಸ್ ಅವಳನ್ನು ಒಳಗೆ ಕರೆದಳು. ಹರಿದಾಸರ ಮುಖಕ್ಕೆ ಬಣ್ಣ ಮರಳುತ್ತಿತ್ತು. ಬಿಪಿ ಏರುತ್ತಿದೆ, ಉಳಿಯುತ್ತಾರೆ ಎಂದರು ಡಾಕ್ಟರು. ಅಷ್ಟರಲ್ಲಿ ಹರಿದಾಸರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು.

“ಅಮ್ಮಾ,” ಎಂದರು. “ವಂದುಟ್ಟೇ ಇರುಕ್ಕೇನ್‌ಮಾ. ಬ್ರಿಡ್ಜ್ ಮೇಲ ಇರುಕ್ಕೇನ್. ಕೈ ತೂಕ್ಕ ಮುಡಿಯಲ.”

ಸೇತುವೆಯ ಮೇಲಿದ್ದೇನೆ, ಕೈಯೆತ್ತಲು ಆಗುತ್ತಿಲ್ಲ. ದನಿ ಗಂಡನದು, ಮಾತು ಮಗನದು. ಅಂಬುಜಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೀವ ಒಯ್ಯಲು ಬಂದ ಯಾರೋ ಆ ಕೆಂಪು ಸಾಲನ್ನು ಓದಿಕೊಂಡು ಅಡ್ಯಾರಿನ ದಾರಿ ಹಿಡಿದಿದ್ದರು. ಇವರು ಉಳಿಯುತ್ತಿದ್ದುದು ಮಗನ ಹೆಸರಿನಲ್ಲಿ.

ಅವಳು ಕೌಂಟರಿಗೆ ಓಡಿದಳು. “ಹೆಸರು ತಪ್ಪಾಗಿದೆಯಮ್ಮಾ. ಅದು ನನ್ನ ಮಗನ್ದು. ಮೊದಲು ಮಾತ್ತು, ಬದಲಾಯಿಸು.”

“ಅಪ್ಪೋ ಸರಿಯಾನ ಪೇರ್ ಸೊಲ್ಲುಂಗ,” ಎಂದಳು ಕೃತಿ, ಸರಿಯಾದ ಹೆಸರಿಗೆ ಕಾಯುತ್ತ ಬೆರಳುಗಳನ್ನು ಕೀಲಿಗಳ ಮೇಲಿಟ್ಟು.

ಆಧಾರ್ ಕಾರ್ಡು ಮನೆಯಲ್ಲಿತ್ತು. ಬರೆದು ಕೊಡೋಣವೆಂದರೆ ಅವಳ ಕೈಗೆ ಬರುವುದು ಕನ್ನಡ ಅಕ್ಷರ, ಕೃತಿಯ ಕಣ್ಣಿಗೆ ಅದು ಬರೀ ಜಿಲೇಬಿ. ಅಂಬುಜಮ್ಮ ಪರದೆಯತ್ತ ತಿರುಗಿದಳು. ಒಳಗೆ ಯಂತ್ರ ಸರಿಯಾದ ಲಯದಲ್ಲಿ ಬಡಿಯುತ್ತಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಮತ್ತೆ ಹಚ್ಚಿದ ಮಗನ ನಂಬರು ರಿಂಗಾಗುತ್ತಲೇ ಇತ್ತು. ಅತ್ತ ದರಿ, ಇತ್ತ ಪುಲಿ ಎಂಬ ಗಾದೆಯನ್ನು ಅವಳು ಎಷ್ಟೋ ಸಲ ತಮಾಷೆಗೆ ಆಡಿದ್ದಳು. ಈಗ ಅವಳು ಕೌಂಟರಿನತ್ತ ತಿರುಗಿದಳು.

“ಹರಿದಾಸ,” ಎಂದಳು.

“ಇನ್ನೊರು ತಡವೆ ಸೊಲ್ಲುಂಗಮ್ಮಾ, ಕೇಕ್ಕಲ.”

ಇನ್ನೊಮ್ಮೆ ಹೇಳಬೇಕಂತೆ. ಪಾಪ, ಆ ಹುಡುಗಿಗೇನು ಗೊತ್ತು. ಅಂಬುಜಮ್ಮ ಕೌಂಟರಿನ ಅಂಚು ಹಿಡಿದುಕೊಂಡು ಗಟ್ಟಿಯಾಗಿ ಹೇಳಿದಳು. “ಹರಿದಾಸ.”

ಬೋರ್ಡಿನ ಕೆಂಪು ಸಾಲು ಒಮ್ಮೆ ಅಳಿಸಿ ಮತ್ತೆ ಮೂಡಿತು. ಆ ಕ್ಷಣವೇ ಫೋನಿನಲ್ಲಿ ಮಗನ ದನಿ ಬಂತು. ಹೆದರಿಕೆಗೆ ಅವನ ಬಾಯಲ್ಲಿ ಕನ್ನಡವೇ ಬಂದಿತ್ತು.

“ಅಮ್ಮಾ, ಬ್ರಿಡ್ಜ್ ಮೇಲೆ ಕಾರ್ ನಿಲ್ಸಿಬಿಟ್ಟಿದ್ದೀನಿ. ಕೈ ಮರಗಟ್ಟಿ ಹೋಗಿತ್ತು, ಕಣ್ಣು ಕತ್ತಲೆ ಬಂತು. ಆಮೇಲೆ ಯಾರೋ ಹಿಂದಿನ ಸೀಟಿಂದ ಅಪ್ಪನ ಹೆಸರು ಕೂಗಿದ ಹಾಗಾಯ್ತು. ಎರಡು ಸಲ. ಈಗ ಸರಿ ಇದ್ದೀನಿ. ಅಪ್ಪ ಹೇಗಿದ್ದಾರೆ?”

ಪರದೆಯ ಹಿಂದೆ ಯಂತ್ರದ ಬಡಿತ ಒಂದೇ ಉದ್ದನೆಯ ಸದ್ದಾಗಿತ್ತು. ಯಾರೋ ಓಡಿದರು, ಯಾರೋ ಎದೆ ಒತ್ತುತ್ತ “ಹರಿದಾಸ್ ಸಾರ್, ಹರಿದಾಸ್ ಸಾರ್” ಎಂದು ಕರೆಯತೊಡಗಿದರು. ಅವರೆಲ್ಲರೂ ಆ ಹೆಸರನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದರು.

ಮುಕ್ಕಾಲು ಗಂಟೆಯ ನಂತರ ಡಾಕ್ಟರು ಹೊರಬಂದು ಕೈಮುಗಿದರು. ಅವರ ಹಿಂದೆಯೇ ಕೃತಿ ಒಂದು ಫಾರಂ ಹಿಡಿದು ಬಂದಳು. ಮತ್ತೆ ತಪ್ಪಾಗಬಾರದಲ್ಲ, ಪೇರ್ ಒರು ತಡವೆ ಕನ್ಫರ್ಮ್ ಪಣ್ಣುಂಗಮ್ಮಾ ಎಂದು ಮೆಲ್ಲಗೆ ಕೇಳಿದಳು.

ಈ ಸಲ ಅಂಬುಜಮ್ಮನ ನಾಲಿಗೆ ತಡವರಿಸಲಿಲ್ಲ.

“ಹರಿದಾಸ,” ಎಂದಳು. “ನಾನೇ ಹೇಳಿದ್ದು. ಬರ್ಕೋಮ್ಮಾ.”